ಖೋ

ಎಸ್.ಪಿ. ರೋಡಿನ ಎರಡನೇ ಮಹಡಿಯ ಹುಡುಗ
ನನ್ನ ಫೋನನ್ನು ಅಂಗೈಯಲ್ಲಿ ತೂಗಿ ನೋಡಿ
"ಆಂಟೀ, ಒಳಗೆ ಉಸಿರಾಡೋಕೂ ಜಾಗ ಇಲ್ಲ" ಅಂದ.
"ಮಾತಾಡೋಕೆ ಮೂರು ಮೂರು ಆ್ಯಪು ಯಾಕೆ?
ಒಂದಿಟ್ಕೊಳ್ಳಿ, ಮಿಕ್ಕಿದ್ದು ತೆಗೀತೀನಿ.
ಯಾವ್ದಿರ್ಲಿ, ಹೇಳಿ."

ಹೇಳುವುದು ಹೇಗಪ್ಪಾ.

ಗಂಗಲಕ್ಷ್ಮಿ ಇರುವುದು ವಾಟ್ಸಾಪಿನಲ್ಲಿ.
ಲಗ್ಗೆರೆಯಲ್ಲಿ ಬ್ಯೂಟಿ ಪಾರ್ಲರು. ಬೆಳಗ್ಗೆ ಐದೂಮುಕ್ಕಾಲಿಗೆ
ಗುಲಾಬಿಯ ಮೇಲೆ ಇಬ್ಬನಿ, ಇಬ್ಬನಿಯ ಮೇಲೆ ಶುಭೋದಯ.
ಒಂದು ದಿನ ಬಾರದಿದ್ದರೆ
ಹುಷಾರಿಲ್ಲವೇನೋ ಎಂದು ನಾನೇ ಕರೆ ಮಾಡುತ್ತೇನೆ.

ಶಕೀಲಾ ಟೆಲಿಗ್ರಾಂ. ಈಗ ಟ್ಯೂಷನ್ ಮೇಡಂ,
ಇನ್ನೂರು ಮಕ್ಕಳಿಗೆ ಒಟ್ಟಿಗೆ ಟ್ರಿಗನಾಮೆಟ್ರಿ ಹಂಚಬೇಕಲ್ಲ.
"ಎಷ್ಟು ದಪ್ಪ ಪುಸ್ತಕ ಆದರೂ ಇದರಲ್ಲಿ ಹೋಗತ್ತೆ ಕಣೇ."
"ಶಕೀಲಾದು ಟೆಲಿಗ್ರಾಂ ಬಂತು" ಅಂದೆ ಒಮ್ಮೆ ಮನೆಯಲ್ಲಿ;
ಅತ್ತೆ ಒಗ್ಗರಣೆ ಸೌಟು ಕೈಬಿಟ್ಟು
"ಯಾರು ಹೋದರೇ?" ಎಂದು ಗೋಡೆ ಹಿಡಿದುಕೊಂಡರು.

ಪ್ರಫುಲ್ಲಾ ವಕೀಲೆ. ಯಾರನ್ನೂ ನಂಬುವುದಿಲ್ಲ,
ಅದು ಅವಳ ಕಸುಬು. ಸಿಗ್ನಲ್ಲಿಗೆ ಬಾ ಅಂದಳು.
ಯಾವ ಸಿಗ್ನಲ್ಲು, ನವರಂಗ್ ಹತ್ತಿರದ್ದಾ? ಅಂದೆ.
ನಗಲಿಲ್ಲ.
ಅಲ್ಲಿ ಅವಳ ಮಾತು ಒಂದು ದಿನ ಕಳೆದರೆ
ತಾನಾಗಿ ಅಳಿಸಿಹೋಗುತ್ತದೆ, ರಂಗೋಲಿಯ ಹಾಗೆ. ಅಲ್ಲ,
ರಂಗೋಲಿಯದು ಒಂಚೂರು ಬಿಳಿಯಾದರೂ ಉಳಿಯುತ್ತದೆ.

ಲೂರ್ದು ಮೇರಿಯದು ಬಟನ್ ಫೋನು.
ಫ್ರೇಜರ್ ಟೌನಿನ ಹಾಸ್ಟೆಲ್ಲು, ಚಪಾತಿ ಹಿಟ್ಟಿನ ಕೈ,
ಅದಕ್ಕೆ ಅದೇ ಸರಿ. ಬರೀ ಎಸ್ಸೆಮ್ಮೆಸ್ಸು.
ಸಾಲ ಬೇಕಾ, ಸೈಟು ಬೇಕಾ, ಓಟಿಪಿ ಯಾರಿಗೂ ಹೇಳಬೇಡಿ,
ಇವುಗಳ ನಡುವೆ ಎಲ್ಲೋ ಅವಳ ಎರಡು ಮಾತು.

ಎಲ್ಲ ಒಂದೇ ಕಡೆ ಬನ್ರೇ ಅಂತ
ಒಬ್ಬೊಬ್ಬರಿಗೂ ಹೇಳಿ ನೋಡಿದ್ದೇನೆ.
ಓ, ಒಂದೇ ಕಡೆ ಆಗಲಿ, ನೀವೆಲ್ಲ ನನ್ನ ಕಡೆ ಬನ್ನಿ, ಅನ್ನುತ್ತಾರೆ.

ಹೋದ ತಿಂಗಳು ನಮ್ಮ ಪಿ.ಟಿ. ಮೇಡಂ ಸುಶೀಲಾಬಾಯಿಗೆ
ಮೊಣಕಾಲಿನ ಆಪರೇಷನ್ನು. ಭಾನುವಾರ ನೋಡಿ ಬರೋಣ ಎಂದು
ಮೂರು ಕಡೆ ಅಂಟಿಸಿ ಒಂದು ಕಡೆ ಕುಟ್ಟಿದೆ.
ಪ್ರಫುಲ್ಲಾ ಬೇರೆ ದಿನ ಹೇಳಿದಳು. ನಿದ್ದೆಗಣ್ಣಲ್ಲಿ ಓದಿದೆ,
ಮತ್ತೆ ನೋಡುವಷ್ಟರಲ್ಲಿ ದಿನವೇ ಮಾಯ.
ಶಕೀಲಾಗೆ ಬರೆದದ್ದು ಅವಳ ಮಕ್ಕಳ ಗುಂಪಿಗೆ ಬಿತ್ತು
(ಅಲ್ಲಿಗೆ ನನ್ನನ್ನೇಕೆ ಸೇರಿಸಿದ್ದಳೋ),
ಒಂಬತ್ತು ಮಕ್ಕಳು ಮೇಡಮ್ಮಿನ ಮಂಡಿಗೆ ಹೆಬ್ಬೆರಳೆತ್ತಿದವು.
ಗಂಗಲಕ್ಷ್ಮಿ ಒಬ್ಬಳೇ ಹೋಗಿ, ಮೂಸಂಬಿ ಕೊಟ್ಟು,
ಆಸ್ಪತ್ರೆ ಗೇಟಿನಲ್ಲಿ ಸೆಲ್ಫಿ ತೆಗೆದು ಕಳಿಸಿದಳು:
"ಎಲ್ಲಿ ಸತ್ರಿ ಎಲ್ಲಾರೂ?"

ಮೇಡಂ ಇದನ್ನೇ ಅಲ್ಲವೇ ಕಲಿಸಿದ್ದು.
ಮಲ್ಲೇಶ್ವರದ ಕಾರ್ಪೊರೇಷನ್ ಶಾಲೆ, ಸುಣ್ಣದ ಗೆರೆ,
ಕುಕ್ಕರುಗಾಲಲ್ಲಿ ಎಂಟು ಜನದ ಸಾಲು.
ಒಬ್ಬಳ ಮುಖ ರೈಲಿನ ಕಡೆ,
ಪಕ್ಕದವಳದು ಸಂಪಿಗೆ ರಸ್ತೆಯ ಕಡೆ.
"ಎಲ್ಲ ಒಂದೇ ಕಡೆ ತಿರುಗಿ ಕೂತರೆ ಅದು ಬಸ್ ಸ್ಟಾಪು,
ಆಟವಲ್ಲ" ಅನ್ನುತ್ತಿದ್ದರು, ಬಾಯಲ್ಲಿ ಸೀಟಿ ಇದ್ದಂತೆಯೇ.
"ಓಡುವವಳಿಗೆ ಎಲ್ಲರ ಬೆನ್ನೂ ನೆನಪಿರಬೇಕು."

"ಯಾವ್ದು ಆಂಟೀ?" ಹುಡುಗ ಇನ್ನೂ ಕಾಯುತ್ತಿದ್ದ.

ಗುಲಾಬಿ ತೆಗಿ ಅಂದೆ. ಸಾವಿರದ ಮುನ್ನೂರು ಚಿಲ್ಲರೆ ಇತ್ತು.
ನಾದಿನಿ ಮನೆಯ ಗೃಹಪ್ರವೇಶದ ವಿಡಿಯೋನೂ ತೆಗಿ,
ಮನೆ ಅಲ್ಲೇ ಇದೆಯಲ್ಲ.
ಅವನು ಒರೆಸುತ್ತಾ ಕೂತ. ನಾನು ಸ್ಟೂಲಿನ ಮೇಲೆ.

ಗಾಜಿನ ಮೇಲಿಟ್ಟ ಫೋನು ಒಮ್ಮೆ ಗುರ್ರೆಂದಿತು.
ಚಿನ್ನದ ಸಾಲ, ಅದರ ಕೆಳಗೆ ಮೇರಿ.
ಆಸ್ಪತ್ರೆಯ ವಾರ್ಡು ನಂಬರು,
ಆಮೇಲೆ ಮೂರೇ ಇಂಗ್ಲಿಷ್ ಅಕ್ಷರದಲ್ಲಿ, ಖೋ.

ಮುಖ ಯಾವ ಕಡೆಗಿತ್ತೋ ಆ ಕಡೆಗೇ ಏಳಬೇಕು, ನಿಯಮ.
ನನ್ನದು ಮೆಟ್ಟಿಲಿನ ಕಡೆಗಿತ್ತು.
ಐನೂರರ ನೋಟು ಕೊಟ್ಟೆ,
ಚಿಲ್ಲರೆಗೆ ನಿಲ್ಲಲಿಲ್ಲ.