ಹನ್ನೊಂದನೇ ಕಲ್ಲಿನ ಮುಂದ

ಹಾವೇರಿಯ ಹಳೇ ಹತ್ತಿ ಗೋದಾಮು ಈಗ ಮ್ಯೂಸಿಯಂ.
ಇಪ್ಪತ್ತಾರು ವೀರಗಲ್ಲು, ಎರಡು ಮಾಸ್ತಿಗಲ್ಲು,
ಮೂಗು ಮುರದ ಸೂರ್ಯ ಒಬ್ಬ,
ಮತ್ತ ನಾನು, ಮೌಲಾಸಾಬ ನದಾಫ, ಹಗಲಪಾಳಿ ಕಾವಲುಗಾರ.
ಇದ ನೆಲದ ಮ್ಯಾಲ ನಮ್ಮಪ್ಪ ಅರಳಿ ಹಿಂಜತಿದ್ದ,
ಬಿಲ್ಲಿನ ಹೆದಿ ಮಿಡದರ ತಗಡಿನ ಮಾಡೂ ಗುಂಯ್ ಅಂತಿತ್ತು.
ಈಗ ಗುಂಯ್ ಅನ್ನೂದು ಬರೇ ಟ್ಯೂಬಲೈಟು.

ಶ್ರಾವಣದಾಗ ಅದು ಬಂತು.
ನನ್ನ ಎದಿಮಟ ಎತ್ತರ, ಕುಂಬಳಕಾಯಿ ತಲಿ, ಕೆಳಗ ಮೂರು ಗಾಲಿ.
ಸಾಹೇಬರು ಏಲಕ್ಕಿ ಹಾರ ಹಾಕಾಕ ಹ್ವಾದ್ರು,
ಅದಕ್ಕ ಕುತ್ತಿಗೀನ ಇರಲಿಲ್ಲ.
ಹಾರ ಜಾರಿ ಗಾಲ್ಯಾಗ ಸಿಕ್ಕು ಪುಡಿಯಾತು,
ಒಂದು ವಾರ ಕಲ್ಲುಗಳಿಗೆಲ್ಲ ಪಾಯಸದ ವಾಸನಿ.

ಮೊದಮೊದಲ ಅದು ಮಾತಾಡಿದ್ದು ವಾರ್ತೆ ಓದಾವರ ಕನ್ನಡ:
“ತಾವೀಗ ವೀಕ್ಷಿಸುತ್ತಿರುವುದು ತುರುಗೋಳಿನ ದೃಶ್ಯ.”
ಹಾನಗಲ್ಲ ಸಾಲಿ ಹುಡುಗನೊಬ್ಬ ಹಿಂದ ಹೊಳ್ಳಿ ನೋಡಿ ಕೇಳಿದ,
“ತಾವು ಅಂತ ಯಾರಿಗೆ ಅನ್ನಾಕತ್ತೈತ್ರಿ ಇದು?”

ಹುಬ್ಬಳ್ಳಿಯಿಂದ ಇಂಜಿನಿಯರ್ ಹುಡುಗಿ ಬಂದಳು, ಸಂಧ್ಯಾ ಬಡಿಗೇರ.
“ಕಾಕಾ, ನಿಮ್ಮ ದನಿ ಕೊಡ್ರಿ.”
ದನಿ ಏನು ಜ್ವಾಳೇನು, ಅಳದು ಕೊಡಾಕ?
ಕೊಟ್ಟೆ.
ಮೂರು ದಿನ ಕಿಟಕಿ ಮುಚ್ಚಿ, ಫ್ಯಾನು ಬಂದ್ ಮಾಡಿ,
ಒಂದೊಂದ ಕಲ್ಲಿನ ಮುಂದ ನಿಂತು ಹೇಳಿದೆ,
ಇಪ್ಪತ್ತೆರಡು ವರ್ಷ ಹುಡುಗರಿಗೆ ಹೇಳಿದ್ದನ್ನ.
ನಡುವ ಕೆಮ್ಮು ಬಂತು.
“ಇರ್ಲಿ ಬಿಡ್ರಿ, ಚಂದ ಐತಿ” ಅಂದು ಅದನ್ನೂ ಇಟಗೊಂಡಳು.

ಹನ್ನೊಂದನೇ ಕಲ್ಲು:
ಕೆಳಗಿನ ಪಟ್ಟಿಯಾಗ ಕಳ್ಳರು ದನಾ ಹೊಡಕೊಂಡು ಹೊಂಟಾರ,
ಅಡ್ಡ ನಿಂತಾಂವ ಒಬ್ಬನ.
ನಡುವ ಹೆಣ್ಣಮಕ್ಕಳು ರೆಟ್ಟಿ ಹಿಡದು ಅವನ್ನ ಮ್ಯಾಲ ಒಯ್ಯಾಕತ್ತಾರ,
ತುದಿಗೆ ಲಿಂಗ, ಚಂದ್ರ.
ಹೆಸರಿದ್ದ ಸಾಲು ಸವದು ಕನ್ನಡಿ ಆಗೈತಿ.
ದನಗಳ ಹಿಂದ ಒಂದು ಮಣಕ, ಹೊಳ್ಳಿ ನೋಡಾಕತ್ತೈತಿ.

ಸತ್ತಾಂವನ ಹೆಸರು ಯಾವ ಹುಡುಗನೂ ಕೇಳೂದಿಲ್ಲ,
ಮಣಕದ್ದು ಎಲ್ಲಾರೂ ಕೇಳತಾರ.
“ಕೌಲಿ” ಅಂತಿದ್ದೆ.
ನಮ್ಮ ಮನ್ಯಾಗಿನ ಆಕಳಾ ಹೆಸರು ಅದು,
ನಮ್ಮವ್ವ ಇಟ್ಟಿದ್ದು.

ಧಾರವಾಡದಿಂದ ದೊಡ್ಡ ಪಂಡಿತರು ಬಂದು ಕೇಳಿಸಿಕೊಂಡ್ರು,
ಹೋಗಿ ಎರಡು ಪುಟ ಬರದ್ರು:
ಕೌಲಿಗೆ ಶಾಸನಾಧಾರ ಏನು?
ಸಂಧ್ಯಾ ಫೋನ್ ಮಾಡಿದಳು, “ಸಿಟ್ಟಾಗಬ್ಯಾಡ್ರಿ ಕಾಕಾ,
ಒಂದು ಹೆಸರಷ್ಟ ತಗದೇನಿ.”
ಆಧಾರ ಎಲ್ಲಿಂದ ತರ್ಲಿ?
ಆಕಳಾ ಮಾರಿದ್ದಕ್ಕೂ ಚೀಟಿ ಇಲ್ಲ ನಮ್ಮ ಹತ್ರ.

ಈಗ ಅದು ನನ್ನ ದನಿಯಾಗ ಅಂತೈತಿ,
“ಅಲ್ಲಿ, ಹೊಳ್ಳಿ ನೋಡಾಕತ್ತೈತಲ್ಲ, ಅದರ ಹೆಸರು…”
ಆಮ್ಯಾಲ ಏನೂ ಇಲ್ಲ.
ಆಮ್ಯಾಲ ನನ್ನ ಕೆಮ್ಮು.
“ಬರ್ರಿ, ಮುಂದಿನ ಕಲ್ಲಿಗೆ ಹೋಗೂಣು.”
ಆ ಖಾಲಿಯಾಗ ಹುಡುಗರು ಒದರತಾವು:
ಗಂಗಿ! ಬೆಳ್ಳಿ! ಬುಲೆಟ್!
ನಾನು ಸ್ಟೂಲಿನ ಮ್ಯಾಲ ಬಾಯಿ ಮುಚಗೊಂಡು ಕುಂಡರತೀನಿ,
ಕಾವಲುಗಾರ ಮಾತಾಡಬಾರದು ಅಂತ ಆರ್ಡರ್ ಆಗೈತಿ.

ನಿನ್ನೆ ಒಬ್ಬಾಕಿ ಮುದುಕಿ ಬಂದಿದ್ದಳು,
ಬ್ಯಾಡಗಿ ಕಡ್ಯಾಕಿ, ಸೆರಗಿಗೆ ಮೆಣಸಿನಕಾಯಿ ಘಾಟು.
ಹನ್ನೊಂದನೇ ಕಲ್ಲು ನೋಡಿದಾಕಿನ ನಿಂತಬಿಟ್ಟಳು.
“ಯವ್ವಾ, ಇದು ನಮ್ಮ ಕೆರಿ ಕಲ್ಲು!
ಇದರ ಮ್ಯಾಲ ಅರಿವಿ ಒಗದು ಒಗದು ನನ್ನ ರಟ್ಟಿ ಬಿದ್ದಾವು.”
ಅದು ಉರುಳಿಕೊಂಡು ಬಂದು ಆಕಿ ಬಾಜೂಕ ನಿಂತಿತು.
“…ಅದರ ಹೆಸರು…”
ತನ್ನನ್ನ ಕೇಳಾಕತ್ತೈತಿ ಅಂತ ತಿಳದಳು ಮುದುಕಿ.
“ನನಗೂ ಗೊತ್ತಿಲ್ಲೋ ತಮ್ಮಾ,” ಅಂದಳು ಮೆತ್ತಗ,
“ಅಕ್ಷರಾ ಅಂತ ಯಾರಿಗೆ ತಿಳದಿತ್ತು?
ಒರಟ ಇತ್ತು, ಮಣ್ಣು ಚಲೋ ಬಿಡತಿತ್ತು.”

ಕೈ ಚಾಚಿ ಸವದ ಸಾಲು ಸವರಿದಳು.

“ಮುಟ್ಟಬ್ಯಾಡ್ರಿ.”

ಮುದುಕಿ ಹೊಳ್ಳಿ ನೋಡಿದ್ದು
ಅದರ ಕಡೆ ಅಲ್ಲ, ನನ್ನ ಕಡೆ.
ನಾನು ಬಾಯೇ ತಗದಿರಲಿಲ್ಲ.