ಒತ್ತಬಹುದು, ಉಜ್ಜಬಾರದು

ಪುಂಟಾ ಅರೆನಾಸ್‌ನಲ್ಲಿ ಗಾಳಿ ಯಾರನ್ನೂ ಕೇಳಿ ಬೀಸುವುದಿಲ್ಲ.
ಆಸ್ಪತ್ರೆಯ ನೆಲಮಾಳಿಗೆಗೂ ಅದರ ಸಿಳ್ಳೆ ಇಳಿಯುತ್ತದೆ.
ಸಾಂತಿಯಾಗೊದಿಂದ ಕಾಗದ ಬಂದ ಮೇಲೆ
ಹಳೆಯ ಗಾಜುಪಟ್ಟಿಯನ್ನು ಮತ್ತೆ ತೆಗೆದು
ಸೂಕ್ಷ್ಮದರ್ಶಕದ ಕಣ್ಣಿಗೆ ಕಣ್ಣು ಕೊಟ್ಟೆ:

ಮಿಲೆಂಕಾ ಬರ್ರಿಯಾ. ಹನ್ನೊಂದು ತಿಂಗಳು.
ಅಕ್ಕಿಕಾಳಿನಷ್ಟು ಚರ್ಮ.
ಮೇಲೆ ಸರಿಯಿದೆ, ಕೆಳಗೆ ಸರಿಯಿದೆ,
ತಳದ ಸಾಲಿನ ಕೋಶಗಳು ಮಾತ್ರ
ಹೊಲಿಗೆ ಬಿಟ್ಟ ದಿಂಬಿನ ಹಾಗೆ
ಹೊಟ್ಟೆ ಹರಿದುಕೊಂಡು ನಿಂತಿವೆ.

ಮಹಡಿಯ ಬೆಂಚಿನ ಮೇಲೆ ಅವಳ ಅಪ್ಪ ಆರ್ತೆಮಿಯೊ,
ಕುರಿಯ ಉಣ್ಣೆ ಕತ್ತರಿಸುವವನು,
ಎರಡೂ ಕೈಗಳನ್ನು ತೊಡೆಯ ನಡುವೆ
ಕಳ್ಳಮಾಲಿನಂತೆ ಬಚ್ಚಿಟ್ಟುಕೊಂಡಿದ್ದಾನೆ.
ಎತ್ತಿಕೊಂಡಲ್ಲೆಲ್ಲ ಗುಳ್ಳೆ ಎದ್ದಿತಂತೆ.
"ನನ್ನ ಕೈ ಒರಟು, ಸೆನ್ಯೋರಾ. ನಾನೇ ಮಾಡಿದ್ದು."

ಅಲ್ಲ ಮಾರಾಯ, ಕೇಳು.
ಅವಳಿನ್ನೂ ಅವಳಾಗದಿದ್ದಾಗ
ಅವಳ ಮೈಗೆಲ್ಲ ಒಂದೇ ಪದರದ ಹೊದಿಕೆ.
ಅದರೊಳಗೆ ಕೆರಾಟಿನ್ನಿನ ಎರಡು ನೂಲು, ಎಂಟು ಮತ್ತು ಹದಿನೆಂಟು.
(ಹೆಸರಿಡಲು ಬಾರದವರು ನಾವು, ನಂಬರು ಕೊಟ್ಟೆವು.)
ಈ ನೂಲು ಒಂಟಿಯಾಗಿ ಬಾಳದು;
ಹುಳಿಯದೊಂದು ಕ್ಷಾರದ್ದೊಂದು ಹೊಸೆದುಕೊಂಡರೇ ಹಗ್ಗ.
ಆಮೇಲೆ ಐದು ಬಂತು ಹದಿನಾಲ್ಕರ ಕೈ ಹಿಡಿದು.
ಹಳೆಯ ಜೋಡಿ ಕರುಳಿನಲ್ಲಿ, ಯಕೃತ್ತಿನಲ್ಲಿ ಉಳಿದುಕೊಂಡಿತು.
ಮೇಲಕ್ಕೆ ಹೊರಟ ಕೋಶ ಹಳೆಯದನ್ನು ಕಳಚಿ
ಒಂದು, ಹತ್ತನ್ನು ಉಟ್ಟುಕೊಳ್ಳುತ್ತದೆ;
ಚಪ್ಪಟೆಯಾಗಿ, ಒಣಗಿ, ಸತ್ತು
ನಮ್ಮ ಹೊರಮೈ ಆಗುತ್ತದೆ.
ನಾವು ಯಾರನ್ನು ಮುಟ್ಟಿದರೂ
ಸತ್ತವರ ಮೂಲಕವೇ ಮುಟ್ಟುವುದು.

ಒಂಬತ್ತು ಅಂಗೈ ಅಂಗಾಲಿಗೆಂದೇ ಇದೆ.
ನಿನ್ನದು ಬಲು ಗಟ್ಟಿ, ಅದಕ್ಕೆ ನಾಚಬೇಡ.
ನೀನು ಕತ್ತರಿಸುವ ಉಣ್ಣೆ, ಟಗರಿನ ಕೊಂಬು, ಗೊರಸು
ಎಲ್ಲ ಅದೇ ಮನೆತನ, ದೂರದ ದಾಯಾದಿಗಳು.
ಮಿಲೆಂಕಾಳ ಹದಿನಾಲ್ಕರಲ್ಲಿ
ಒಂದೇ ಒಂದು ಅಕ್ಷರ ತಪ್ಪಿದೆ,
ದೀರ್ಘ ಕೊಡಲು ಮರೆತ ಹಾಗೆ.
ನಿನ್ನ ರಕ್ತದಲ್ಲಿಲ್ಲ, ಅವಳ ತಾಯಿಯದರಲ್ಲೂ ಇಲ್ಲ.
ಬರೆಯುವಾಗ ಎಲ್ಲೋ ಕೈ ಜಾರಿದ್ದು.
ಯಾರ ಕೈ ಎಂದು ಕೇಳಬೇಡ, ನನಗೆ ಗೊತ್ತಿಲ್ಲ.

ಇಷ್ಟನ್ನೂ ಮೆಟ್ಟಿಲು ಹತ್ತುತ್ತ ಜೋಡಿಸಿಕೊಂಡಿದ್ದೆ.
ಹೇಳಲಿಲ್ಲ.
ನರ್ಸ್ ಎದೂವಿಗೆಸ್ ಆಗಲೇ ಹೇಳಿ ಮುಗಿಸಿದ್ದಳು, ನಾಲ್ಕು ಮಾತಿನಲ್ಲಿ:
ಒತ್ತಬಹುದು, ಉಜ್ಜಬಾರದು.
ಕಂಕುಳಿಗೆ ಕೈ ಹಾಕಿ ಎಳೆಯಬೇಡ, ಅಡಿಯಿಂದ ಎತ್ತು.
ಗುಳ್ಳೆ ಎದ್ದರೆ ಶುದ್ಧ ಸೂಜಿಯಲ್ಲಿ ಚುಚ್ಚಿ ನೀರು ಬಿಡು.
ಮೇಲಿನ ಸಿಪ್ಪೆ ಕೀಳಬೇಡ, ಅದೇ ಅವಳಿಗೆ ಪಟ್ಟಿ.

ಅವನು ತಲೆಯಾಡಿಸಿದ. "ಕುರಿಯೂ ಹಾಗೆಯೇ,
ತೊಗಲು ಮಡಿಕೆ ಬಿದ್ದಲ್ಲೇ ಕತ್ತರಿ ಕಚ್ಚುವುದು."
ಮಗುವಿನ ಬೆನ್ನಡಿಗೆ ಒಂದು, ತೊಡೆಯಡಿಗೆ ಒಂದು
ಅಂಗೈ ಇಟ್ಟು ಅಲ್ಲಾಡದೆ ಸ್ವಲ್ಪ ಹೊತ್ತು ಕಾದ,
ಭಾರ ತಾನಾಗಿ ಬಂದು ಕೂರಲಿ ಎಂದು.
ಆಮೇಲೆ ಎತ್ತಿದ.
ಅವಳು ಅವನ ಮೀಸೆ ಹಿಡಿದಳು.

ಹೊರಡುವಾಗ, ಇಷ್ಟು ಹೊತ್ತು ಬಚ್ಚಿಟ್ಟಿದ್ದ ಕೈ ನನಗೂ ಕೊಟ್ಟ.
ಹಿಡಿದು ನೋಡಿದರೆ ಬೆಣ್ಣೆ!
ಇಪ್ಪತ್ತು ವರ್ಷದ ಉಣ್ಣೆಯ ಜಿಡ್ಡು
ಆ ದಪ್ಪ ತೊಗಲನ್ನು ನೆನೆಸಿ ನೆನೆಸಿ ಇಟ್ಟಿತ್ತು.
ಒರಟು ಎಂದು ಅವನಿಗೆ ಯಾರು ಹೇಳಿದ್ದರೋ.
ಸಂಜೆಯವರೆಗೂ ನನ್ನ ಬೆರಳಿನಲ್ಲಿ ಕುರಿಯ ವಾಸನೆ;
ಗಾಜುಪಟ್ಟಿಯ ಅಂಚಿನ ಮೇಲೂ ಒಂದು ಗುರುತು ಬಿತ್ತು,
ಒರೆಸಲಿಲ್ಲ.