ಕಾ?

ಭಾಂಡುಪಿನ ನಮ್ಮ ಸೊಸೈಟಿಯ ಗೇಟಿನೊಳಗೆ
ಮೀಟರ್ ಪೆಟ್ಟಿಗೆಯ ಪಕ್ಕ ಒಂದು ಕರಿಹಲಗೆ.
ಮೇಲೆ ಹಳದಿ ಪೇಂಟಿನಲ್ಲಿ, ಸುವಿಚಾರ.
ಹದಿನಾಲ್ಕು ವರ್ಷ ಧಾರಪ ಕಾಕಾ ಬರೆದರು.
ಸತ್ಯಕ್ಕೆ ಸಾವಿಲ್ಲ. ಶ್ರಮವೇ ಪೂಜೆ. ನೀರೇ ಜೀವನ.
ಹಾಲಿನವ, ಪೇಪರಿನವ, ಎಂಟೂ ಹನ್ನೆರಡರ ಫಾಸ್ಟಿಗೆ ಓಡುವವರು
ಯಾರೂ ನಿಂತದ್ದಿಲ್ಲ.
ಸತ್ಯಕ್ಕೆ ಸಾವಿಲ್ಲವೇ,
ಸರಿ, ಇರಲಿ ಬಿಡಿ ಪಾಪ.

ಕಾಕಾನ ಕೈ ನಡುಗತೊಡಗಿ ಸೀಮೆಸುಣ್ಣ ನನಗೆ ಬಂತು.
ನಾನು ಫೋರ್ಟಿನ ಅಚ್ಚುಕೂಟದಲ್ಲಿ ಕರಡು ತಿದ್ದುವವಳು,
ಇಪ್ಪತ್ತೆರಡು ವರ್ಷ ಬೇರೆಯವರ ವಾಕ್ಯಗಳ ಕೊನೆಗೆ
ಪೂರ್ಣವಿರಾಮ ಇದೆಯೇ ಎಂದು ನೋಡಿಯೇ ಹೊಟ್ಟೆ ಹೊರೆದವಳು.
ನನ್ನದೇ ವಿಚಾರ ಎಂದರೆ ಎಲ್ಲಿಂದ ತರಲಿ,
ಅದೂ 'ಸು'?

ಏನೂ ತೋಚದೆ ಮೊದಲ ದಿನ ಬರೆದೆ,
ಮೂರನೆಯ ಮಹಡಿಗೆ ಬರುವ ನೀರು
ಐದನೆಯದಕ್ಕೆ ಯಾಕೆ ಬರುವುದಿಲ್ಲ?

ಮರಾಠಿಯಲ್ಲಿ ಯಾಕೆ ಎನ್ನಲು ಒಂದೇ ಅಕ್ಷರ ಸಾಕು, ಕಾ.
ನಮ್ಮ ಕಡೆ ಅದು ಕಾಗೆಯ ಇಡೀ ಶಬ್ದಕೋಶ.
ದೀಪ ಹಚ್ಚಿ ಅಜ್ಜಿ ಬೇಡುತ್ತಿದ್ದುದೂ ಅದನ್ನೇ, ಕಾ ತಂದೇ, ಕಾ.
ಒಂದು ಅಕ್ಷರದೊಳಗೆ ಇಷ್ಟು ಜನ ಹತ್ತಿಕೊಂಡರೆ
ಅದು ಲೋಕಲ್ಲೇ ಸರಿ.

ಅವತ್ತು ಹಲಗೆಯ ಮುಂದೆ ಆರು ಮಂದಿ.
ಪಂಪು ಹಳತು ಅಂದರು ಒಬ್ಬರು.
ಪಂಪಿನ ಕೀಲಿ ಯಾರ ಹತ್ತಿರ ಅಂದರು ಇನ್ನೊಬ್ಬರು.
ಬಾಯಿ ಬಿಡದ ಶೃಂಗಾರಪುರೆ, ಬಾಯಿ ಮುಚ್ಚದ ಮಿಸೆಸ್ ಲೋಬೊ
ಮೊದಲ ಬಾರಿಗೆ ಒಂದೇ ವಿಷಯಕ್ಕೆ ಜಗಳಾಡಿದರು.
ಎಂಟೂ ಹನ್ನೆರಡು ತಪ್ಪಿತು.
ಲೇಡೀಸ್ ಡಬ್ಬಾದ ಕೊಕ್ಕೆಯಂಥದು ಈ ಚಿಹ್ನೆ.
ಯಾರದೋ ಬಟಾಣಿ ಚೀಲ, ಯಾರದೋ ಒದ್ದೆ ಛತ್ರಿ,
ಯಾರದೋ ಹತ್ತು ವರ್ಷದ ಸಿಟ್ಟು
ತೂಗುಬಿದ್ದು ಓಲಾಡುತ್ತವೆ ಕಲ್ಯಾಣದಿಂದ ವಿ.ಟಿ.ಯವರೆಗೆ.

ರುಚಿ ಹತ್ತಿತು ನನಗೆ.
ಎರಡನೆಯ ವಾರ ಬರೆದೆ,
'ಕೆಲಸದವರು ಲಿಫ್ಟ್ ಬಳಸಬಾರದು' ಎಂದು ಬರೆದವರು ಯಾರು?

ಬರೆದವರು ಯಾರೂ ಇರಲಿಲ್ಲ.
ಕಾರ್ಯದರ್ಶಿ ಹಳೆಯ ಕಾರ್ಯದರ್ಶಿಯತ್ತ ಬೆರಳು ತೋರಿದರು,
ಅವರು ಬಿಲ್ಡರನತ್ತ. ಬಿಲ್ಡರ್ ಸತ್ತು ಆರು ವರ್ಷ.
ಸಭೆ ಕರೆದರು, ಚಹಾ ಕುಡಿದರು, ಮುಂದೂಡಿದರು.

ಹೌಸಾಬಾಯಿ ಹಲಗೆಯ ಮುಂದೆ ನಿಂತಿದ್ದಳು, ಕಂಕುಳಲ್ಲಿ ಪೊರಕೆ.
ಜತ್ತ ತಾಲೂಕಿನವಳು, ಊರಲ್ಲಿ ಹೌಸವ್ವ,
ಇಡೀ ಬಿಲ್ಡಿಂಗಿನಲ್ಲಿ ನನ್ನ ಜೊತೆ ಮಾತ್ರ ಕನ್ನಡ.
ಓದಿ ಹೇಳಿದೆ, ಸ್ವಲ್ಪ ಎದೆಯುಬ್ಬಿಸಿಯೇ.

"ಇದರ ಉತ್ತರ ನಿಮಗ ಗೊತ್ತಿರಲಿಲ್ಲೇನ್ರಿ ಅಕ್ಕಾರ?
ಗೊತ್ತಿದ್ದದ್ದ ಯಾಕ ಕೇಳ್ತೀರಿ?
ತಪ್ಪೈತಿ ಅಂತ ಬರಿಲಿಕ್ಕ ಏನಾಗಿತ್ತು?
ಹನ್ನೊಂದು ವರ್ಷ ಅದರಾಗ ಹತ್ತಿ ಇಳದೀರಿ,
ನನಗ ಒಮ್ಮೆರ ಕೇಳೀರೇನು?"

ನಾಲ್ಕು ಪ್ರಶ್ನೆ, ಒಂದರ ಬೆನ್ನಿಗೆ ಒಂದು.
ಯಾವುದಕ್ಕೂ ಸೀಮೆಸುಣ್ಣ ಬೇಕಿರಲಿಲ್ಲ.
ಬಾಗಿದ ಚಿಹ್ನೆಯ ಹಿಂದೆ ಅಡಗಿ ಕೂತಿದ್ದೆ ನಾನು,
ಹೇಳಿ ಬಯ್ಯಿಸಿಕೊಳ್ಳಲು ಅಂಜಿ
ಕೇಳಿ ಜಾಣೆ ಅನ್ನಿಸಿಕೊಂಡವಳು.

ಮರುದಿನ ಬರೆದದ್ದು ಹೇಳಿಕೆ.
ಲಿಫ್ಟಿನ ಆ ಬರಹ ತಪ್ಪು.
ಕೆಳಗೆ ನನ್ನ ಹೆಸರು, ಫ್ಲಾಟ್ ನಂಬರು.
ಯಾರೂ ನಿಲ್ಲಲಿಲ್ಲ.

ಆದರೆ ಶನಿವಾರ, ಯಾವ ಮನೆಯ ಮಗುವೋ,
ಲಿಫ್ಟಿನ ಬೋರ್ಡಿನ ಕೊನೆಗೆ ಬಾಲ್‌ಪೆನ್ನಿನಲ್ಲಿ ಒಂದು ಕೊಕ್ಕೆ ಗೀಚಿತ್ತು.
ಕೆಲಸದವರು ಲಿಫ್ಟ್ ಬಳಸಬಾರದು?
ಚುಕ್ಕಿ ಸ್ವಲ್ಪ ಓರೆ.
ತಿದ್ದುವುದು ನನ್ನ ಕಸುಬು.
ತಿದ್ದಲಿಲ್ಲ.

ಇವತ್ತು ಅವಳ ಜೊತೆ ಮೆಟ್ಟಿಲು ಹತ್ತಿದೆ, ಐದು ಮಹಡಿ.
ನಾಲ್ಕನೆಯ ತಿರುವಿನ ಜಾಲಿ ಕಿಟಕಿಯಲ್ಲಿ
ಕಾಗೆಯೊಂದು ತನಗೆ ಗೊತ್ತಿದ್ದಷ್ಟನ್ನು ಕೇಳುತ್ತಿತ್ತು.
"ದಮ್ಮು ಹತ್ತಿತೇನ್ರಿ ಅಕ್ಕಾರ?"
ಉತ್ತರ ಬೇಕಿತ್ತು ಅವಳಿಗೆ. ನಿಂತಳು.

ಹೌದು ಎಂದೆ
ಪೂರ್ಣವಿರಾಮಕ್ಕೆ ಉಸಿರು ಉಳಿದಿರಲಿಲ್ಲ